ಮೊದಲ ಮುಡಿ

“ಗೋಡೆ ಆಚೆಯಿಂದ ಏನೇ ಬಂದ್ರೂ ಕೈಯಲ್ಲಿ ಮುಟ್ಬ್ಯಾಡಿ ಮೇಷ್ಟ್ರೆ. ಪೊರಕೇಲಿ ಎತ್ಕಂಡು ಮೂರು ದಾರಿ ಕೂಡೋ ತಾವ ಆಕ್ಬುಟ್ಟು, ತಿರುಗಿ ನೋಡ್ದೆ ಬನ್ನಿ,” ಎಂದು ಬೀಗದ ಕೈ ಕೊಡುವಾಗಲೇ ಮನೆಯೊಡತಿ ದೇವಿರಮ್ಮ ಹೇಳಿದ್ದಳು.

ಮೈಸೂರಿನಿಂದ ಮದ್ದೂರಿನ ಶಾಲೆಗೆ ವಿಜ್ಞಾನ ಕಲಿಸಲು ಬಂದಿದ್ದ ಯೋಗಾನರಸಿಂಹ ನಕ್ಕ. ಗಾಳಿಗೂ ತೂಕವಿದೆಯೆಂದು ತಕ್ಕಡಿಯಲ್ಲಿ ತೋರಿಸಿಕೊಟ್ಟವನು ನಿಂಬೆಹಣ್ಣಿಗೆ ಹೆದರುವುದುಂಟೆ? ಪಕ್ಕದ ಕೆಂಪಸಿದ್ದಯ್ಯನಿಗೆ ಆ ಮನೆಯ ಮೇಲೆ ಕಣ್ಣಿತ್ತು. ಹಿಂದಿನ ಇಬ್ಬರು ಬಾಡಿಗೆಯವರು ವರ್ಷ ತುಂಬುವ ಮೊದಲೇ ಗಾಡಿ ಕಟ್ಟಿದ್ದರು. ಹೊಸ್ತಿಲಿಗೆ ಬಂದ ಮೊದಲ ನಿಂಬೆಹಣ್ಣನ್ನು ಯೋಗಾನರಸಿಂಹ ಪಾನಕ ಮಾಡಿಕೊಂಡು ಜಗುಲಿಯ ಮೇಲೆಯೇ ಕುಡಿದ.

ಎರಡನೆಯದನ್ನು ಎರಡು ವರ್ಷದ ಮಗಳು ಶ್ರೀಮತಿ ಬಾಯಿಗಿಟ್ಟುಕೊಂಡಳು. ಒಳಗೆ ಸೂಜಿಯಿತ್ತು. ತುಟಿ ಸೀಳಿತು.

ಪಂಚೆಯ ಮೇಲಿನ ರಕ್ತದೊಡನೆಯೇ ಹೋಗಿ ಕೇಳಿದ. ಕೆಂಪಸಿದ್ದಯ್ಯ ಎಲೆಗೆ ಸುಣ್ಣ ಸವರುವುದನ್ನು ನಿಲ್ಲಿಸಲಿಲ್ಲ.

“ಮಗು ಇರೋ ಮನೆ ಸ್ವಾಮಿ. ಬುಟ್ಟೋಗಿ. ನಾಳೆ ಇನ್ನೇನಾರಾ ಸಿಕ್ಕೀತು.”

ಪೊಲೀಸರಿಗೆ ಹೇಳೋಣವೆಂದರೆ ಸಾಕ್ಷಿ ನುಡಿಯಲು ಇಡೀ ಬೀದಿಯಲ್ಲಿ ಒಬ್ಬನಿಗೂ ನಾಲಿಗೆಯಿರಲಿಲ್ಲ. ಮಾಟ ನಂಬುವವನನ್ನು ಮಾಟದಿಂದಲೇ ಹೆದರಿಸಬೇಕೆಂದು ಅವನು ತೀರ್ಮಾನಿಸಿದ. ರಾಗಿಹಿಟ್ಟು ಕಲಸಿ ಬೊಂಬೆ ಮಾಡಿದ, ಕುಂಕುಮ ಬಳಿದ, ಏಳು ಮೊಳೆ ಚುಚ್ಚಿದ. ನೋಡಿದರೆ ಮಕ್ಕಳ ಆಟದ ಸಾಮಾನಿನಂತಿತ್ತು. ಕೂದಲಿಲ್ಲದೆ ಕಳೆ ಬರಲಿಲ್ಲ.

ಹೆಂಡತಿ ಪಂಕಜಮ್ಮನ ಟ್ರಂಕಿನಲ್ಲಿ, ಅರಿಸಿನದ ಬಟ್ಟೆಯಲ್ಲಿ, ಮಗುವಿನ ಮೊದಲ ಮುಡಿಯ ಕೂದಲಿತ್ತು. ಅದನ್ನು ಶಿಂಷಾ ನದಿಗೆ ಬಿಟ್ಟು ಬರೋಣವೆಂದು ಅವಳು ತಿಂಗಳಿಂದ ಹೇಳುತ್ತಿದ್ದಳು. ಇವನು ಭಾನುವಾರದಿಂದ ಭಾನುವಾರಕ್ಕೆ ತಳ್ಳುತ್ತಿದ್ದ. ಕೂದಲು ಕೂದಲೇ ಅಲ್ಲವೇ ಎಂದುಕೊಂಡು ಬೊಂಬೆಯ ನೆತ್ತಿಗೆ ಒತ್ತಿದ. ಬೆಳಕು ಹರಿಯುವ ಮುನ್ನ ಪಕ್ಕದ ಹೊಸ್ತಿಲಲ್ಲಿಟ್ಟು ಬಂದ.

ಗೋಡೆಯಾಚೆ ಹೆಂಗಸರು ಅತ್ತರು. ಆಮೇಲೆ ಮೂರು ದಿನ ಸದ್ದಿಲ್ಲ. ಯೋಗಾನರಸಿಂಹ ತನ್ನ ಜಾಣತನಕ್ಕೆ ತಾನೇ ತಲೆದೂಗಿದ.

ಅಮಾವಾಸ್ಯೆಯ ಮಧ್ಯಾಹ್ನ ಊಟಕ್ಕೆ ಕುಳಿತಿದ್ದಾಗ ಒಣಮೆಣಸಿನಕಾಯಿ ಸುಟ್ಟ ಘಾಟು ಬಂತು. ಹಿಂದೆಯೇ ಸಾಂಬ್ರಾಣಿ. ಮಳವಳ್ಳಿ ಕಡೆಯಿಂದ ಯಾರನ್ನೋ ಕರೆಸಿದ್ದಾರೆಂದು ಪಂಕಜಮ್ಮ ಪಿಸುಗುಟ್ಟಿದಳು. ಅವನಿಗೆ ನಗು ಬಂತು. ಗೋಡೆಯಾಚೆ ಗಡಸು ದನಿಯೊಂದು ಎದ್ದಿತು.

“ಯಾರ ಕೂದಲೋ ಅವರ ತಾವ್ಕೇ ಓಗು.”

ಕೈಯ ತುತ್ತನ್ನು ಎಲೆಗೇ ಬಿಟ್ಟು ಎದ್ದ.

ಎಂಜಲ ಕೈಯಲ್ಲೇ ಓಡಿದ. ಹಿತ್ತಲ ಗೋಡೆ. ಅಂಗೈ ತರಚಿತು. ಹತ್ತಿದ. ಕೆಳಗೆ ಕೆಂಡದ ಗುಂಡಿ. ಕೆಂಡದ ಮೇಲೆ ಬೊಂಬೆ. ಕೂದಲು ಆಗಲೇ ಸುರುಟಿತ್ತು.

“ನಿಲ್ಲಿಸಿ. ಅದು ನನ್ನ ಮಗಳದು.”

ಕೆಂಪಸಿದ್ದಯ್ಯ ತಲೆಯೆತ್ತಿದ. ಅವನ ಮುಖದ ಬಣ್ಣ ಇಳಿಯಿತು.

“ಮಗೀಂದಾ?” ಎಂದ. “ನಾನು ಬರೀ ವಾಪಸ್ಸು ಕಳಿಸ್ದೆ ಸ್ವಾಮಿ. ಕಟ್ಟಿದ್ದು ನೀವು.”

ಕೂದಲು ಸುಟ್ಟ ಕಮರು ವಾಸನೆ ಈಗ ಗಾಢವಾಗಿತ್ತು. ಗುಂಡಿಯಿಂದಲ್ಲ. ಬೆನ್ನ ಹಿಂದಿನಿಂದ. ತನ್ನದೇ ಮನೆಯಿಂದ. ಪಂಕಜಮ್ಮ ಕಿರುಚಿದಳು. ಮಗು ಕಿರುಚಲಿಲ್ಲ.

ಶ್ರೀಮತಿ ಬದುಕಿಕೊಂಡಳು. ನೆತ್ತಿಯ ಮೇಲೆ ಮತ್ತೆ ಕೂದಲು ಹುಟ್ಟಲಿಲ್ಲ. ಬಾಯಿಂದ ಮಾತೂ ಹುಟ್ಟಲಿಲ್ಲ. ಪಂಕಜಮ್ಮ ಅವಳನ್ನು ಎತ್ತಿಕೊಂಡು ಮೈಸೂರಿನ ರೈಲು ಹತ್ತಿದವಳು ತಿರುಗಿ ಬರಲಿಲ್ಲ. ಗೋಡೆಯಾಚೆಯಿಂದ ನಿಂಬೆಹಣ್ಣೂ ಬರಲಿಲ್ಲ. ಕೆಂಪಸಿದ್ದಯ್ಯ ಈಗ ಮೇಷ್ಟರ ಬಾಗಿಲು ದಾಟುವಾಗ ಚಪ್ಪಲಿ ಕೈಗೆತ್ತಿಕೊಳ್ಳುತ್ತಾನೆ.

ಮುಂದಿನ ವರ್ಷ ಎದುರು ಮನೆಗೆ ಹೊಸ ಗುಮಾಸ್ತ ಬಂದ. ಸಾಮಾನು ಇಳಿಸುತ್ತಿದ್ದವನ ಹತ್ತಿರ ನಿಂತು ದೇವಿರಮ್ಮ ಮೇಷ್ಟರ ಕಿಟಕಿಯತ್ತ ಗಲ್ಲದಿಂದಲೇ ಸನ್ನೆ ಮಾಡಿ ದನಿ ತಗ್ಗಿಸಿದಳು.

“ಆ ಮನೇರು ಏನೇ ಕೊಟ್ರೂ ಕೈಯಲ್ಲಿ ಮುಟ್ಬ್ಯಾಡಿ.”

ಗುಮಾಸ್ತ ನಕ್ಕ.