ಎರಡು ಗೆರೆಗಳ ನಡುವೆ

ಗೋಡೆಯ ಪರದೆಯ ಮೇಲೆ ಎರಡು ಗೆರೆಗಳು ಮೆಲ್ಲಗೆ ಸರಿಯುತ್ತಿದ್ದವು. ನೀಲಿ ಗೆರೆ ಕಲಬುರಗಿಯ ಹೊಸ ಬಡಾವಣೆಯದು, ಕೆಂಪು ಗೆರೆ ಊರಾಚೆಯ ಕಲ್ಲುಗಣಿಯ ಕಾಲೊನಿಯದು. ಎರಡೂ ಕಡೆಯ ಜನ ಮಣಿಕಟ್ಟಿಗೆ ತೆಳುವಾದ ಪಟ್ಟಿ ಕಟ್ಟಿಕೊಂಡಿದ್ದರು. ರಕ್ತದಲ್ಲಿ ಆಮ್ಲಜನಕ ಎಷ್ಟಿದೆಯೆಂದು ಅದು ಚರ್ಮದ ಮೇಲಿಂದಲೇ ಅಳೆದು ಕಳಿಸುತ್ತಿತ್ತು. ಆ ಅಳತೆಗಳನ್ನೆಲ್ಲ ಕೂಡಿಸಿ, ಉಳ್ಳವರ ಮತ್ತು ಇಲ್ಲದವರ ಆರೋಗ್ಯದ ನಡುವಿನ ದೂರ ತೋರಿಸುವ ಯಂತ್ರಕ್ಕೆ ಡಾ. ವೈಜಯಂತಿ ಬಿರಾದಾರ ‘ಅಂತರದರ್ಶಿ’ ಎಂದು ಹೆಸರಿಟ್ಟಿದ್ದಳು.

ಅದು ೨೦೫೯. ಒಂದು ಕಾಲಕ್ಕೆ ದೂರದೂರ ಇದ್ದ ಗೆರೆಗಳು ಈಗ ಹತ್ತಿರ ಬಂದಿದ್ದವು.

“ಡ್ರೋನು ಮನೆಬಾಗಿಲಿಗೇ ಔಷಧ ತರುತ್ತಿದೆ, ಅದರ ಫಲ ಇದು” ಎಂದರು ಸರ್ಕಾರದ ಅಧಿಕಾರಿ ಮಹಾಗಾಂವಕರ್. “ಇನ್ನು ಕಾಲೊನಿಗೆ ನರ್ಸ್ ಹುದ್ದೆ ಯಾಕೆ? ನಿಮ್ಮ ವರದಿ ಬಂದರೆ ತೆಗೆದುಬಿಡುತ್ತೇವೆ.”

“ಸ್ವಲ್ಪ ತಡೀರಿ ಸರ್” ಎಂದಳು ವೈಜಯಂತಿ. ಕಾಲೊನಿಯ ನರ್ಸ್ ಸುಗಂಧಾ ಹೆರಿಗೆ ರಜೆಗೆ ಹೊರಟಿದ್ದಳು. ಡ್ರೋನು ಎಂದಿನಂತೆ ಬರುತ್ತದೆ, ಗಣಿಯ ಧೂಳೂ ಎಂದಿನಷ್ಟೇ ಇರುತ್ತದೆ. ಅವಳೊಬ್ಬಳು ಇಲ್ಲದಿದ್ದರೆ ಗೆರೆಗಳು ಏನಾಗುತ್ತವೆ?

ಕೆಲವು ವಾರ ಏನೂ ಆಗಲಿಲ್ಲ. ಆಮೇಲೆ ಕೆಂಪು ಗೆರೆ ಕುಸಿಯತೊಡಗಿತು. ವೈಜಯಂತಿ ಅಂದೇ ಕಾಲೊನಿಗೆ ಹೋದಳು. ಕಲ್ಲು ಒಡೆಯುವ ದೇವಕ್ಕ ಹೊಸ್ತಿಲ ಮೇಲೆ ಕೂತು ಏದುಸಿರು ಬಿಡುತ್ತಿದ್ದಳು. ಒಳಗೆ ಗೂಡಿನಲ್ಲಿ ಉಸಿರಲ್ಲಿ ಎಳೆದುಕೊಳ್ಳುವ ಔಷಧ ಹಾಗೇ ಉಳಿದಿತ್ತು.

“ಇದನ್ನ ಯಾಕ ತಗೊಳ್ಳಾಕತ್ತಿಲ್ಲಕ್ಕಾ?”

“ಈ ಸಲ ಬ್ಯಾರೆ ಔಷಧ ಬಂದದರಿ. ತಗೊಂಡ್ರ ಎದಿ ಡವಡವ ಅಂತದ. ಅಂಜಿ ಬಿಟ್ಟೆ. ನರ್ಸಕ್ಕ ಇದ್ದಿದ್ರ ಕೇಳತಿದ್ದೆ.”

“ಡ್ರೋನಿನ್ಯಾಗ ಡಾಕ್ಟರ್ ಮಾತಾಡ್ತಾರಲ್ಲ?”

“ಅವರು ಕೇಳಿದ್ದಕ್ಕ ಹೂಂ ಅಂತೀನ್ರಿ. ಅಂಜಿಕಿ ಆಗ್ಯದ ಅಂತ ಹೆಂಗ ಹೇಳಲಿ? ನರ್ಸಕ್ಕ ಆದ್ರ ನನ್ನ ಮಾರಿ ನೋಡಿನೇ ಹಿಡೀತಾಳ.”

ವೈಜಯಂತಿ ಪಕ್ಕದಲ್ಲಿ ಕೂತಳು. ಎದೆಬಡಿತ ಸ್ವಲ್ಪ ಹೊತ್ತಿಗೆ ಇಳಿಯುತ್ತದೆ ಎಂದು ತಿಳಿಸಿ ಹೇಳಿದಳು. ದೇವಕ್ಕ ಅವಳ ಕೈ ಹಿಡಿದುಕೊಂಡೇ ಔಷಧ ಎಳೆದುಕೊಂಡಳು. ಬಡಿತ ಇಳಿದಾಗ ನಕ್ಕಳು.

ಬೇರೆ ಮನೆಗಳಲ್ಲೂ ಇಂಥದೇ ಕಥೆ. ಅದನ್ನೆಲ್ಲ ಬರೆದ ವರದಿ ಹೋಯಿತು. ಹುದ್ದೆ ಉಳಿಯಿತು, ರಜೆಯ ಕಾಲಕ್ಕೆ ರಹೀಮಾ ಎಂಬ ಬದಲಿ ನರ್ಸ್ ಕೂಡ ಬಂದಳು. ಗೆರೆಗಳು ಮತ್ತೆ ಹತ್ತಿರವಾದವು. ಸುಗಂಧಾ ಕೂಸಿನೊಂದಿಗೆ ಮರಳಿದ ದಿನ ಕಾಲೊನಿಯ ಹೆಂಗಸರು ಅದನ್ನು ಕೈಯಿಂದ ಕೈಗೆ ದಾಟಿಸಿದರು.

“ನಿಮ್ಮ ಯಂತ್ರ ಇಲ್ಲದಿದ್ದರೆ ನರ್ಸ್ ಎಷ್ಟು ಮುಖ್ಯವೆಂದು ಯಾರಿಗೂ ಗೊತ್ತೇ ಆಗುತ್ತಿರಲಿಲ್ಲ” ಎಂದರು ಮಹಾಗಾಂವಕರ್, ಮನಸಾರೆ.

“ಈ ಜನಕ್ಕೆ ಗೊತ್ತಿತ್ತು ಸರ್” ಎಂದಳು ವೈಜಯಂತಿ. “ಮೂವತ್ತು ವರ್ಷದ ಹಿಂದೆ ಇಂಥ ಯಾವ ಹೊಸ್ತಿಲಲ್ಲಿ ಕೂತು ಕೇಳಿದ್ದರೂ ಹೇಳುತ್ತಿದ್ದರು. ಆಗ ನಾವು ಕೇಳಲಿಲ್ಲ, ಅಷ್ಟೆ.”