ಇಪ್ಪತ್ಮೂರನೇ ವಾರ

ಆ ನೋಟರಿಗೆ ತಲೆ ಕೆಟ್ಟಿದೆ ಎಂದು ಅಣ್ಣ ಮೆಟ್ಟಿಲಿಳಿಯುವಾಗಲೇ ತೀರ್ಮಾನಿಸಿಬಿಟ್ಟ. "ಫೋಟೋದಲ್ಲಿ ಕಿವಿ ಕಾಣ್ತಿಲ್ವಂತೆ! ಇವಳ ಕಿವಿ ತಗೊಂಡು ಅವನೇನು ಉಪ್ಪಿನಕಾಯಿ ಹಾಕ್ತಾನಾ?"

ಅತ್ತಿಗೆ ನಕ್ಕರು. ಪುಟ್ಟಿ ನಗಲಿಲ್ಲ. ಫೋಟೋ ನೋಡಿ, ತನ್ನ ಮುಖ ನೋಡಿ, ಮತ್ತೆ ಫೋಟೋ ನೋಡಿದ ನೋಟರಿಯ ಆ ಕಣ್ಣುಗಳು ಅವಳ ಮನಸ್ಸಿನಲ್ಲೇ ಉಳಿದಿದ್ದವು. ಹೋಲಿಸಿ ನೋಡುವುದು ನೋಟರಿಯ ಕೆಲಸ, ಒಪ್ಪೋಣ. ಅದಕ್ಕೆ ಮೂರು ಸಲ ನೋಡಬೇಕೇ?

ಮೂವತ್ತಾರು ತುಂಬಿದವಳನ್ನು ಮನೆಯಲ್ಲಿ ಇನ್ನೂ ಪುಟ್ಟಿ ಎಂದೇ ಕರೆಯುತ್ತಿದ್ದರು. ಹಗಲೆಲ್ಲ ಕನ್ನಡಕದ ಅಂಗಡಿಯಲ್ಲಿ ಬಂದವರ ಕಣ್ಣು ಪರೀಕ್ಷೆ ಮಾಡಿ, ಸಂಜೆ ಅಣ್ಣನ ಮಕ್ಕಳಿಗೆ ಹೋಮ್‌ವರ್ಕ್ ಮಾಡಿಸಿ, ಎಲ್ಲರೂ ಟಿ.ವಿ. ನೋಡಿ ಎದ್ದ ಮೇಲೆ ಅದೇ ಹಾಲ್‌ನಲ್ಲಿ ಹಾಸಿಗೆ ಬಿಡಿಸುವವಳು. ಮನೆಯಲ್ಲಿ ಯಾರೂ ಕೆಟ್ಟವರಲ್ಲ. ಅವಳ ಕಷ್ಟವೇ ಅದು. ಬೈದಿದ್ದರೆ ಎದುರು ಮಾತಾಡಬಹುದಿತ್ತು. ಪ್ರೀತಿಯಿಂದ ಕಟ್ಟಿ ಹಾಕಿದವರಿಗೆ ಏನೆಂದು ಹೇಳುವುದು?

ಈಗ ಅಣ್ಣ ಪರದೇಶದ ಸಮುದ್ರ ದಂಡೆಯಲ್ಲಿ ಟೈಮ್‌ಶೇರ್ ಕೊಳ್ಳಲು ಹೊರಟಿದ್ದ. ಅಂದರೆ ಮನೆ ಪೂರ್ತಿ ನಮ್ಮದಲ್ಲ; ವರ್ಷಕ್ಕೊಂದು ವಾರ ಮಾತ್ರ ನಮ್ಮದು. ಇವರ ಪಾಲಿಗೆ ಬಂದದ್ದು ವರ್ಷದ ಇಪ್ಪತ್ಮೂರನೇ ವಾರ, ಮುಂದಿನ ಮೂವತ್ತು ವರ್ಷಗಳ ಕಾಲ. ಒಂದೇ ಮನೆಯಲ್ಲಿರುವ ಮೂವರ ಹೆಸರಿದ್ದರೆ ದೊಡ್ಡ ಮನೆ ಸಿಗುತ್ತದೆಂದು ತಂಗಿಯ ಹೆಸರನ್ನೂ ಸೇರಿಸಿದ್ದ. ಆ ಕಾಗದಕ್ಕೇ ನೋಟರಿಯ ಸೀಲು ಬೇಕಿತ್ತು. ನಕ್ಷೆಯಲ್ಲಿ ಒಂದು ಕೋಣೆ ಗಂಡ ಹೆಂಡತಿಗೆ, ಒಂದು ಮಕ್ಕಳಿಗೆ.

"ನಿನಗೆ ಹಾಲ್‌ನಲ್ಲಿ ಸೋಫಾ ಕಮ್ ಬೆಡ್. ಕಿಟಕಿ ಪಕ್ಕಾನೇ!" ಎಂದು ಬೆರಳಿಟ್ಟು ತೋರಿಸುವಾಗ ಅವನ ಮುಖದಲ್ಲಿ ಎಂಥ ಖುಷಿ!

ಅರವತ್ತಾರನೇ ವಯಸ್ಸಿನವರೆಗೂ ತಾನು ಮಲಗುವ ಜಾಗ ಗೊತ್ತಾಗಿ ಹೋಯಿತು ಪುಟ್ಟಿಗೆ. "ಚೆನ್ನಾಗಿದೆ," ಎಂದಳು.

ಎರಡನೇ ಸಲ ಕಿವಿ ಕಾಣುವ ಫೋಟೋ ಹಿಡಿದು ಅವಳೊಬ್ಬಳೇ ಹೋದಳು. ಮೂರನೇ ಮಹಡಿಯ ಪುಟ್ಟ ಕೋಣೆ. ಫೈಲುಗಳ ಬೀರು ಕಿಟಕಿಗೆ ಅಡ್ಡ ನಿಂತು ಎಷ್ಟು ಕಾಲವಾಗಿತ್ತೋ. ನಲವತ್ತರ ಆಸುಪಾಸಿನ ನೋಟರಿ ಕಾಗದಗಳನ್ನು ತಿರುವಿ ತಿರುವಿ ನೋಡಿದರು.

"ನಿಮ್ಮ ಅಣ್ಣ ಕಪ್ಪು ಇಂಕಲ್ಲಿ ಸಹಿ ಮಾಡಿದ್ದಾರೆ. ನೀಲಿ ಆಗಬೇಕಿತ್ತು."

"ಈಗ ಹೊರಗೆ ಹೋದ್ರಲ್ಲ, ಅವರದ್ದೂ ಕಪ್ಪೇ. ನೀವೇ ಸೀಲ್ ಹೊಡೆದ್ರಿ."

"ಅದು... ಬೇರೆ ಥರದ ಕಾಗದ."

"ಹೌದಾ?"

"ಅಲ್ಲ," ಎಂದರು ನೋಟರಿ. ಕೊರಳಿನಿಂದ ಹಣೆಯವರೆಗೂ ಕೆಂಪಾದರು, ಪಾಪ.

ಪುಟ್ಟಿಗೆ ನಗು ತಡೆಯಲಾಗಲಿಲ್ಲ. ಸುಳ್ಳು ಹೇಳಲೂ ಬಾರದ ಇವರು ಈ ವೃತ್ತಿಗೆ ಹೇಗೆ ಬಂದರು! "ನಿಮ್ಮ ಕನ್ನಡಕ ಎಡಕ್ಕೆ ವಾಲಿದೆ. ಕೊಡಿ ಇಲ್ಲಿ, ಕಣ್ಣಿಗೆ ಹಿಂಸೆ ಆಗ್ತಿದೆ. ನಿಮಗಲ್ಲ, ನನಗೆ."

ಅವರು ಮರುಮಾತಿಲ್ಲದೆ ತೆಗೆದುಕೊಟ್ಟರು. ಅವಳು ಕಡ್ಡಿಯನ್ನು ಮೆಲ್ಲಗೆ ಬಗ್ಗಿಸಿದಳು, ಗಾಜನ್ನು ಬೆಳಕಿಗೆ ಹಿಡಿದಳು. ತಲೆಯೆತ್ತಿದರೆ ಬರಿಗಣ್ಣಲ್ಲಿ ತನ್ನನ್ನೇ ನೋಡುತ್ತಿದ್ದಾರೆ.

"ಏನು ನೋಡ್ತಿದ್ದೀರಿ? ಈ ಪವರಿಗೆ ನನ್ನ ಮುಖ ಬರೀ ಮಸುಕು ಕಾಣಬೇಕು."

"ಮಸುಕೇ. ಆದ್ರೆ ಮೊದಲ ದಿನಾನೇ ಬಾಯಿಪಾಠ ಆಗಿದೆ."

ಅವಳು ಕನ್ನಡಕವನ್ನು ತಾನೇ ಅವರ ಮೂಗಿಗೇರಿಸಿದಳು. ಬೆರಳ ತುದಿ ಕೆನ್ನೆಗೆ ತಾಗಿತು. ದಿನಕ್ಕೆ ಇಪ್ಪತ್ತು ಜನರಿಗೆ ಮಾಡುವ ಕೆಲಸ. ಇವತ್ತು ಮಾತ್ರ ಕಡ್ಡಿಯನ್ನು ಕಿವಿಗೆ ಕೂರಿಸಲು ಎರಡು ಸಲ ಬೇಕಾಯಿತು.

"ಇದನ್ನ ಓದಿದ್ದೀರಾ?" ಎಂದು ಅವರು ಕೊನೆಯ ಹಾಳೆ ತೋರಿಸಿದರು.

"ಅಣ್ಣ ಓದಿದ್ದಾನೆ."

ಅವರು ಗಟ್ಟಿಯಾಗಿ ಓದಿದರು. ಮೂರನೇ ಸದಸ್ಯೆ ಅವಿವಾಹಿತೆ. ಕುಟುಂಬದೊಂದಿಗೆ ಕಾಯಂ ವಾಸ. ಆಕೆ ಮದುವೆಯಾಗಿ ಬೇರೆ ಹೋದಲ್ಲಿ ಎಲ್ಲರ ಸದಸ್ಯತ್ವವೂ ರದ್ದು.

ಕೋಣೆಯಲ್ಲಿ ಗಾಳಿಯೇ ಇಲ್ಲವೆನಿಸಿತು ಪುಟ್ಟಿಗೆ. ಒಂದು ಸಹಿ ಹಾಕಿದರೆ ಮುಗಿಯಿತು. ಆಮೇಲೆ ತಾನು ಹೊಸ್ತಿಲು ದಾಟಿದರೆ ಮಕ್ಕಳ ಸಮುದ್ರವನ್ನು ಕಿತ್ತುಕೊಂಡ ಪಾಪ ತನ್ನದೇ.

"ನಿಮಗೆ ಇದು ಬೇಕಾ?" ಎಂದರು ನೋಟರಿ.

"ಅಣ್ಣನಿಗೆ ಬೇಕು."

"ನಾನು ಕೇಳಿದ್ದು ನಿಮ್ಮನ್ನ."

ಅವಳು ಉತ್ತರ ಕೊಡದೆ ಎದ್ದು ಬಂದಳು. ಕೊಡಲು ಉತ್ತರವಿತ್ತು, ಬಾಯಿಗೆ ಅಭ್ಯಾಸವಿರಲಿಲ್ಲ.

ಕಾಗದ ಕಳಿಸಲು ಶುಕ್ರವಾರವೇ ಕೊನೆಯ ದಿನ. ಮೂವರೂ ಹೋದರು. ನೋಟರಿ ಇನ್ನೂ ಸಹಿಯಾಗದ ಹೊಸ ಪ್ರತಿಯನ್ನೂ ಅಣ್ಣ ತಂದ ನೀಲಿ ಪೆನ್ನನ್ನೂ ನೋಡಿದರು, ಸೀಲನ್ನು ಕೈಗೆತ್ತಿಕೊಂಡರು, ಮತ್ತೆ ಕೆಳಗಿಟ್ಟರು.

"ನಾನು ಇದಕ್ಕೆ ಸೀಲ್ ಹಾಕೋ ಹಾಗಿಲ್ಲ."

"ಇವತ್ತೇನು? ಮೂಗು ಕಾಣ್ತಿಲ್ವಾ?" ಅಣ್ಣ ಮೇಜು ಗುದ್ದಿದ.

"ಕಾಗದ ಸರಿಯಾಗಿದೆ. ಮೊದಲ ದಿನಾನೇ ಸರಿಯಾಗಿತ್ತು. ನಾನೇ ನೆಪ ಹೇಳಿದೆ, ಕ್ಷಮಿಸಿ. ತನಗೆ ಸ್ವಾರ್ಥ ಇರೋ ಕಾಗದಕ್ಕೆ ನೋಟರಿ ಸೀಲ್ ಹಾಕಬಾರದು. ಅದು ನಿಯಮ."

"ನಿಮಗೇನ್ರೀ ಸ್ವಾರ್ಥ? ನೀವೂ ಆ ರೆಸಾರ್ಟ್ ಮೇಲೆ ಕಣ್ಣಿಟ್ಟಿದ್ದೀರಾ?"

"ರೆಸಾರ್ಟ್ ಮೇಲಲ್ಲ."

ಅಣ್ಣ ಅತ್ತಿಗೆಯನ್ನು ನೋಡಿದ. ಅತ್ತಿಗೆ ಪುಟ್ಟಿಯನ್ನು ನೋಡಿದರು. ಪುಟ್ಟಿಗೆ ಎಲ್ಲಿ ನೋಡುವುದೆಂದೇ ತಿಳಿಯಲಿಲ್ಲ.

"ಇವರು ಸಹಿ ಹಾಕಬಾರದು ಅಂತ ನನಗೆ ಆಸೆ," ಎಂದರು ನೋಟರಿ, ಮೇಜಿನತ್ತ ನೋಡುತ್ತ. "ಆದ್ರೆ ತಡೆಯೋಕೆ ನಾನ್ಯಾರು? ಎದುರು ಕಟ್ಟಡದಲ್ಲಿ ಇನ್ನೊಬ್ಬ ನೋಟರಿ ಇದ್ದಾರೆ. ಹತ್ತು ನಿಮಿಷದ ಕೆಲಸ."

"ನಡಿ, ಪುಟ್ಟಿ," ಎಂದ ಅಣ್ಣ.

ನಡೆದಳು! ಇಷ್ಟು ಕೇಳಿಸಿಕೊಂಡ ಮೇಲೂ ನಡೆದೇಬಿಟ್ಟಳು ಮಹಾತಾಯಿ. "ನಡಿ" ಎಂದರೆ ಏಳುವುದು ಅವಳ ಕಾಲುಗಳಿಗೆ ರೂಢಿಯಾಗಿ ಹೋಗಿತ್ತು. ಅತ್ತಿಗೆಯ ಬ್ಯಾಗನ್ನೂ ತಾನೇ ಹೆಗಲಿಗೇರಿಸಿಕೊಂಡಿದ್ದಳು.

ಎದುರು ಕಟ್ಟಡದ ನೋಟರಿ ಫೋನಿನಲ್ಲಿ ಮಾತಾಡುತ್ತಲೇ ಹಾಳೆ ಮಗುಚಿದ. "ಇಲ್ಲಿ, ಇಲ್ಲಿ, ಇಲ್ಲಿ," ಎಂದು ಬೆರಳು ತೋರಿಸಿದ. ಅಣ್ಣ ಹಾಕಿದ, ಅತ್ತಿಗೆ ಹಾಕಿದರು. ಪೆನ್ನು ಪುಟ್ಟಿಯ ಕೈಗೆ ಬಂತು. ಆ ಮನುಷ್ಯ ಅವಳ ಫೋಟೋವನ್ನೂ ನೋಡಲಿಲ್ಲ, ಮುಖವನ್ನೂ ನೋಡಲಿಲ್ಲ. ಸೀಲು ಮಾತ್ರ ಎತ್ತಿ ಹಿಡಿದು ಕಾಯುತ್ತಿದ್ದ.

ಮೂವತ್ತು ವರ್ಷ ಹೀಗೇ, ಎಂದುಕೊಂಡಳು ಅವಳು. ಪೆನ್ನನ್ನು ಮೇಜಿನ ಮೇಲಿಟ್ಟಳು.

"ಅಣ್ಣ, ನಾನು ಹಾಕಲ್ಲ."

"ಏನಾಯ್ತೇ?"

"ನನಗೆ ಅವರು ಇಷ್ಟ."

ಅಣ್ಣ ಕುರ್ಚಿಯಲ್ಲಿ ಕುಸಿದ. ಬೈಯುತ್ತಾನೆಂದುಕೊಂಡಿದ್ದಳು, ಅವನು ಕೇಳಿದ್ದು ಬೇರೆಯೇ. "ನಿನ್ನನ್ನ ಬಿಟ್ಟು ಯಾವತ್ತಾದ್ರೂ, ಎಲ್ಲಿಗಾದ್ರೂ ಹೋಗಿದ್ದೀವೇನೇ ನಾವು?"

"ಇಲ್ಲ ಅಣ್ಣ. ಒಂದು ಸಲ ಬಿಟ್ಟು ಹೋಗಿ."

ಅತ್ತಿಗೆ ಅವಳ ಹೆಗಲಿನಿಂದ ತಮ್ಮ ಬ್ಯಾಗನ್ನು ಬಿಡಿಸಿಕೊಂಡರು. "ಹೋಗು. ಇವರನ್ನ ನಾನು ನೋಡ್ಕೋತೀನಿ," ಎಂದರು.

ರಸ್ತೆ ದಾಟಿ, ಮೂರು ಮಹಡಿ ಹತ್ತಿ ಬಾಗಿಲಲ್ಲಿ ನಿಂತಾಗ ಅವಳಿಗೆ ಏದುಸಿರು. ನೋಟರಿ ಯಾವುದೋ ಫೈಲನ್ನು ತಲೆಕೆಳಗಾಗಿ ಹಿಡಿದು ಓದುತ್ತಿದ್ದರು. ಅವಳನ್ನು ಕಂಡು ದಡಕ್ಕನೆ ಎದ್ದರು.

"ಸಹಿ ಹಾಕಿದ್ರಾ?"

"ಇಲ್ಲ."

ಅವರು ಹಾಗೆಯೇ ಕುಳಿತುಬಿಟ್ಟರು. ಅವಳು ಎದುರಿನ ಕುರ್ಚಿ ಎಳೆದುಕೊಂಡು, ಯಾರೂ ಹೇಳುವ ಮೊದಲೇ ಕುಳಿತಳು.

"ಭಾನುವಾರ ಮನೆಗೆ ಬನ್ನಿ. ನಿಮ್ಮ ಕಡೆ ಹಿರಿಯರು ಯಾರಿದ್ದಾರೋ ಅವರನ್ನೂ ಕರ್ಕೊಂಡು ಬನ್ನಿ. ಅಣ್ಣನಿಗೆ ಸಿಟ್ಟು ಬಂದಿದೆ. ಅಷ್ಟರಲ್ಲಿ ಇಳಿದಿರುತ್ತೆ."

"ಇಳಿಯದಿದ್ರೆ?"

"ಇಳಿಯದಿದ್ರೂ ಬನ್ನಿ."