ಆಕಾಶವಿಲ್ಲದ ರೇಸ್

ಆ ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿ ಕವಿದಿತ್ತೆಂದರೆ, ನನ್ನ ಕತ್ತಿನಪಟ್ಟಿ ಹಿಡಿದ ಕೈ ಮಾತ್ರ ಕಾಣುತ್ತಿತ್ತು. ಕೈಯ ಹಿಂದಿನ ಮನುಷ್ಯ ಕಾಣುತ್ತಿರಲಿಲ್ಲ!

“ಲ್ಯಾಪ್‌ಟಾಪ್ ಕೊಡು.”

ದನಿಯಿಂದ ಗುರುತು ಸಿಕ್ಕಿತು. ಗೂಳಿ! ಜನ ‘ಡಾಕ್ಟರ್’ ಎಂದು ಕರೆಯುವ ಕಂಪ್ಯೂಟರ್ ಅಂಗಡಿಯವನು ಸಾಕಿಕೊಂಡ ಆಳು.

“ನಂದಲ್ಲ. ರಿಪೇರಿಗೆ ಬಂದಿದ್ದು,” ಎಂದೆ.

“ಯಾರದಾದ್ರೂ ಆಗ್ಲಿ. ಕೊಡ್ತೀಯೋ, ಕಿತ್ಕೊಳ್ಲೋ?”

ಬ್ಯಾಗನ್ನು ಎದೆಗೆ ಅವಚಿಕೊಂಡೆ. ಬೆನ್ನಿಗೆ ಗೋಡೆ. ಎಡಕ್ಕೆ ಚರಂಡಿ. ಬಲಕ್ಕೆ... ನಮ್ಮ ವ್ಯಾನ್. ಅದರ ಕಿಟಕಿಯಿಂದ ಒಂದು ಊರುಗೋಲು ನಿಧಾನವಾಗಿ ಹೊರಬಂತು.

ಠಪ್!

ಗೂಳಿ ಮಣಿಕಟ್ಟು ಹಿಡಿದುಕೊಂಡು ಕುಣಿದ.

“ಅದು ನಂದು ಕಣೋ!” ಚಿಕ್ಕಮ್ಮ ಗುಡುಗಿದಳು. “ಲ್ಯಾಪ್‌ಟಾಪೂ ನಂದು, ಆ ಹುಡುಗೀನೂ ನಮ್ಮದು. ಹತ್ತೇ ಗಾಡೀನ!”

ಹತ್ತಿದೆ.

ಚಿಕ್ಕಮ್ಮನ ವಿಷಯ ನಿಮಗೆ ಹೇಳಬೇಕು. ಅರ್ಧ ಆಯಸ್ಸು ಆಂಬುಲೆನ್ಸ್ ಓಡಿಸಿದವಳು. ಮಂಡಿ ಮುರಿದ ಮೇಲೆ ಕೆಲಸ ಹೋಯಿತು. ಇನ್ನು ದೇವರ ಧ್ಯಾನ ಮಾಡಿಕೊಂಡಿರು ಎಂದರು ಎಲ್ಲರೂ. ಧ್ಯಾನವನ್ನೂ ಮಾಡಿದಳು... ಸ್ಟಿಯರಿಂಗನ್ನೂ ಹಿಡಿದಳು! ಕಂಪ್ಯೂಟರ್ ಪರದೆಯ ಮೇಲಿನ ಕಾರ್ ರೇಸಿಂಗ್. ಬ್ರೇಕು, ಆಕ್ಸಿಲರೇಟರು ಎಲ್ಲ ಕೈಯಲ್ಲೇ.

ಆ ಬೆಳಿಗ್ಗೆ ಇಂಟರ್‌ನೆಟ್ಟಿನಲ್ಲಿ ಅವಳ ಆಯ್ಕೆ ರೇಸ್ ಇತ್ತು. ಮೊದಲ ಐವರಲ್ಲಿ ಬಂದರೆ ಲೀಗ್ ತಂಡದಲ್ಲಿ ಸೀಟು. ಬಾರದಿದ್ದರೆ, ಅವಳ ವಯಸ್ಸಿನವರಿಗೆ ಮತ್ತೊಂದು ಸೀಟು ಯಾರು ಕಾದಿಡುತ್ತಾರೆ?

ಅದಕ್ಕೆಂದೇ ತನ್ನ ಗೇಮಿಂಗ್ ಲ್ಯಾಪ್‌ಟಾಪನ್ನು ಡಾಕ್ಟರ್ ಕೈಗೆ ಕೊಟ್ಟಿದ್ದಳು. ಇಟ್ಟಿಗೆಯಂಥ ದಪ್ಪ ಯಂತ್ರ. ಪರದೆಗೆ ಚಿತ್ರ ಕೊಡುವ ಅದರ ಗ್ರಾಫಿಕ್ಸ್ ಕಾರ್ಡ್ ಬಿಚ್ಚಿ ಬೇರೆಯದು ಹಾಕಬಹುದು. ಅವನು ಹೊಸದು ಕೂರಿಸಿದ. ಹಳೆಯದನ್ನು ಮಾತ್ರ “ನಾಳೆ ಕೊಡ್ತೀನಮ್ಮಾ” ಎಂದ. ಆ ನಾಳೆ ಬರಲೇ ಇಲ್ಲ.

ಬಂದದ್ದು ಕತ್ತಲೆ! ರೇಸಿನ ನಡುವೆ ಫ್ಯಾನ್ ಊಳಿಡುತ್ತಿತ್ತು. ಪರದೆ ಕಪ್ಪಾಗುತ್ತಿತ್ತು.

ಅಂಥ ಕಾರ್ಡ್ ನನ್ನ ಪುಟ್ಟ ರಿಪೇರಿ ಅಂಗಡಿಯಲ್ಲಿ ಇಲ್ಲದಿದ್ದರೂ, ಯಂತ್ರಗಳ ರೋಗ ಪತ್ತೆ ಹಚ್ಚುವುದೇ ನನ್ನ ಕಸುಬು. ಕಾರ್ಡಿನ ಡ್ರೈವರ್ ಸಾಫ್ಟ್‌ವೇರ್ ಬುಡಸಮೇತ ಕಿತ್ತು ಮತ್ತೆ ಹಾಕಿದೆ. ಕಪ್ಪು. ಇನ್ನೂ ದೊಡ್ಡ ಚಾರ್ಜರ್ ತಂದೆ. ಕಪ್ಪು. ಬಿಸಿ ಹೀರುವ ಹೀಟ್‌ಸಿಂಕ್ ಬಿಚ್ಚಿ ಹೊಸ ಪೇಸ್ಟ್ ಬಳಿದೆ. ಬಿಸಿ ಇಳಿಯಿತು. ಪರದೆ... ಕಪ್ಪು!

ಕೊನೆಗೆ ಚಿಕ್ಕಮ್ಮನ ಪಕ್ಕ ಕೂತು ಸುಮ್ಮನೆ ನೋಡಿದೆ. ಪರದೆ ಸಾಯುತ್ತಿದ್ದುದು ಪ್ರತಿ ಸಲವೂ ಒಂದೇ ತಿರುವಿನಲ್ಲಿ! ಗ್ಯಾಲರಿ ತುಂಬ ಜನ, ಬಾವುಟ, ಮರ, ಎಲ್ಲವೂ ಒಟ್ಟಿಗೆ ಕಣ್ಣಿಗೆ ಬೀಳುವ ತಿರುವು. ಬಿಸಿಗೆ ತಿರುವಿನ ಗುರುತು ಇರುವುದಿಲ್ಲ. ಹೊರೆ ಹೆಚ್ಚಾದಾಗ ಬೀಳುವುದು ಕಾರ್ಡಿನ ಮೆಮೊರಿ.

ಪರೀಕ್ಷೆ ಮಾಡಿದೆ. ಎಂಟು ಜಿಬಿ ಮೆಮೊರಿ ಎಂದು ಹೇಳಿಕೊಳ್ಳುವ ಕಾರ್ಡಿನಲ್ಲಿ ಇದ್ದದ್ದು ಬರೀ ಎರಡು! ಯಾವುದೋ ಮುದಿ ಕಾರ್ಡಿನೊಳಗೆ ಹೊಸ ಹೆಸರು ತುಂಬಿಸಿ ಕೂರಿಸಿದ್ದ ಡಾಕ್ಟರ್. ಎಂಟು ಮೂಟೆ ಹೊರುತ್ತೇನೆನ್ನುವ ಕತ್ತೆ. ಮೂರನೆಯದಕ್ಕೆ ಮಂಡಿಯೂರುತ್ತಿತ್ತು. ಚಿಕ್ಕಮ್ಮನಿಗೂ ಹಾಗೇ ಹೇಳಿದೆ.

ಚಿಕ್ಕಮ್ಮ ಸುಮ್ಮನಿರುತ್ತಾಳೆಯೇ? ಫೋನ್ ಎತ್ತಿದಳು. “ಡಾಕ್ಟ್ರೇ, ನನ್ನ ಹಳೇ ಕಾರ್ಡ್ ಕೊಡಿ. ಇಲ್ಲಾಂದ್ರೆ ರೇಸ್ ಲೈವ್‌ನಲ್ಲಿ ಎಲ್ಲರೆದುರು ಹೇಳ್ತೀನಿ!”

ಲೀಗ್ ನೋಡುವವರಲ್ಲಿ ಅರ್ಧಕ್ಕರ್ಧ ಅವನ ಗಿರಾಕಿಗಳು. ರೇಸಿನ ದಿನ ಬೆಳಿಗ್ಗೆ ಎದ್ದು ನೋಡಿದರೆ ನಮ್ಮ ಮನೆಯ ಇಂಟರ್‌ನೆಟ್ ತಂತಿಯನ್ನು ಯಾರೋ ಕತ್ತರಿಸಿದ್ದರು. ನನ್ನ ಅಂಗಡಿಯಿಂದ ಆಡೋಣವೆಂದು ಹೊರಟರೆ, ಓಣಿಯಲ್ಲಿ ಗೂಳಿ.

ಈಗ ಅವನ ಬೈಕು ನಮ್ಮ ಹಿಂದೆ!

ನನ್ನ ಡ್ರೈವಿಂಗ್ ಕಂಡರೆ ಎತ್ತಿನ ಗಾಡಿಯವರೂ ನಗುತ್ತಾರೆ.

“ಬ್ರೇಕ್ ಮುಟ್ಟಬೇಡ!”

“ಏನೂ ಕಾಣ್ತಿಲ್ಲ ಚಿಕ್ಕಮ್ಮ!”

“ನಿಂಗ್ಯಾಕೆ ಕಾಣ್ಬೇಕು? ಈ ದಾರಿ ನನ್ನ ಕೈಗೆ ಗೊತ್ತು. ಇನ್ನೂ... ಇನ್ನೂ... ಈಗ ಎಡಕ್ಕೆ!”

ತಿರುಗಿಸಿದೆ. ನಿಂತ ಲಾರಿಗೂ ಗೋಡೆಗೂ ನಡುವೆ ನುಗ್ಗಿದೆವು. ಕರ್‍ರ್... ಪಟಾರ್!

“ಅಯ್ಯೋ, ಕನ್ನಡಿ ಹೋಯ್ತು!”

“ಹೋಗ್ಲಿ ಬಿಡು. ಹಿಂದೆ ನೋಡೋಕೇನಿದೆ?”

ಹಿಂದೆ ಬೈಕು ಕಸದ ತೊಟ್ಟಿಗೆ ಸಾಷ್ಟಾಂಗ ಬಿದ್ದ ಸದ್ದು ಕೇಳಿತು.

“ನನ್ನ ಅಂಗಡಿಗೆ ಹೋಗೋಣ್ವಾ?”

“ಅಲ್ಲೂ ಯಾರನ್ನಾದ್ರೂ ನಿಲ್ಲಿಸಿರ್ತಾನೆ. ಡಾಕ್ಟರ್ ಅಂಗಡಿಗೇ ನಡಿ.”

“ಹುಲಿ ಗವಿಗಾ!”

“ಗಿರಾಕಿಗಳು ಕೂತಿರೋವಾಗ ಹುಲಿ ಯಾರನ್ನೂ ತಿನ್ನಲ್ಲ ಕಣೇ. ಅಲ್ಲಿ ಇಂಟರ್‌ನೆಟ್ಟೂ ಚೆನ್ನಾಗಿದೆ.”

ಅಂಗಡಿಯ ಬೆಂಚಿನ ಮೇಲೆ ಜನ ಲ್ಯಾಪ್‌ಟಾಪುಗಳನ್ನು ಮಡಿಲಲ್ಲಿಟ್ಟುಕೊಂಡು, ಜ್ವರದ ಮಕ್ಕಳನ್ನು ತಂದವರಂತೆ ಕೂತಿದ್ದರು. ಡಾಕ್ಟರ್ ಬಿಳಿ ಕೋಟು ತೊಟ್ಟು ಕೌಂಟರಿನ ಹಿಂದಿದ್ದ. ಚಿಕ್ಕಮ್ಮ ಕುಂಟುತ್ತ ಬಂದು ತನ್ನ ಆಟದ ಸ್ಟಿಯರಿಂಗನ್ನು ಅವನ ಕೌಂಟರಿಗೇ ಬಿಗಿದಳು!

ಅವನು ಬಗ್ಗಿ ಪಿಸುಗುಟ್ಟಿದ. “ಅಮ್ಮಾ, ಇದೇನಿದು?”

“ರೇಸು.”

“ಒಳಗೆ ಬನ್ನಿ. ಒಳ್ಳೇ ಕಾರ್ಡ್ ಹಾಕ್ಕೊಡ್ತೀನಿ. ಮಾತು ಮಾತ್ರ ಹೊರಗೆ ಹೋಗ್ಬಾರ್ದು.”

“ನಿಮ್ಮ ಒಳ್ಳೇದು ನಿಮ್ಮತ್ರಾನೇ ಇರ್ಲಿ. ನಂದು ನಂಗೆ ಕೊಡಿ.”

“ನಿಮ್ದು... ಇಲ್ಲ. ಮಾರಿಬಿಟ್ಟೆ.”

“ಹಾಗಾದ್ರೆ ನೀವು ಕೊಟ್ಟ ಕತ್ತೆ ಮೇಲೇ ಹೋಗ್ತೀನಿ.” ನನ್ನ ಕಡೆ ತಿರುಗಿದಳು. “ಎಷ್ಟು ಮೂಟೆ ಹೊರುತ್ತೆ ಅಂದೆ?”

“ಎರಡು.”

“ಎರಡೇ ಹೊರಿಸು.”

ನೆಟ್‌ವರ್ಕ್ ಕೇಬಲ್ ಸಿಕ್ಕಿಸಿ ಸೆಟ್ಟಿಂಗ್ಸ್ ತೆರೆದೆ.

“ಜನಾನ ತೆಗಿ,” ಎಂದಳು. ತೆಗೆದೆ. “ಮರ ತೆಗಿ.” ತೆಗೆದೆ. “ನೆರಳು, ಬಾವುಟ, ಮನೆ...”

“ಆಕಾಶ?”

“ಅದೂ ಬೇಡ. ರಸ್ತೆ ಒಂದು ಬಿಡು. ಆಂಬುಲೆನ್ಸಲ್ಲಿ ನಾನು ಬೇರೆ ಏನು ನೋಡಿದ್ದೆ?”

ಪರದೆಯ ಮೇಲೆ ಉಳಿದದ್ದು ಬೂದು ಶೂನ್ಯ. ಅದರಲ್ಲೊಂದು ಕಪ್ಪು ಪಟ್ಟಿ. ಹೊರಗಿನ ಮಂಜೇ ಒಳಗೆ ಬಂದಂತಿತ್ತು. ಚಿಕ್ಕಮ್ಮ ಕಣ್ಣು ಮುಚ್ಚಿದಳು. ಸೈರನ್ ಹಾಕುವ ಮುನ್ನ ಅವಳು ಹೇಳುತ್ತಿದ್ದ ಒಂದೇ ಪ್ರಾರ್ಥನೆ ತುಟಿಯ ಮೇಲೆ ಬಂತು: “ದೇವರೇ, ದಾರಿ ಬಿಡಿಸು.”

ಹಸಿರು ದೀಪ!

ಹನ್ನೆರಡನೆಯವಳು. ಹತ್ತನೆಯವಳು. ಗ್ಯಾಲರಿ ತಿರುವು ಬಂತು. ಪರದೆ ಒಮ್ಮೆ ನಡುಗಿತು...

ಕಪ್ಪಾಗಲಿಲ್ಲ! ಕತ್ತೆ ಎರಡೂ ಮೂಟೆ ಹೊತ್ತಿತು!

ಸ್ಪೀಕರಿನಲ್ಲಿ ಲೀಗಿನ ವೀಕ್ಷಕ ವಿವರಣೆಗಾರ ನಗುತ್ತಿದ್ದ. “ಇದೇನಮ್ಮಾ, ನಿಮ್ಮ ಪರದೆಯಲ್ಲಿ ಆಕಾಶಾನೇ ಇಲ್ವಲ್ಲ!”

“ಆಕಾಶ ಡಾಕ್ಟ್ರ ಹತ್ರ ಒತ್ತೆ ಬಿದ್ದಿದೆ ಕಣಪ್ಪ,” ಎಂದಳು ಚಿಕ್ಕಮ್ಮ, ಎಂಟನೆಯವನನ್ನು ದಾಟುತ್ತ. ಆಮೇಲೆ ಎಲ್ಲ ಹೇಳಿದಳು. ಯಾವ ಅಂಗಡಿ. ಯಾವ ಕಾರ್ಡ್. ಎಂಟರ ಹೆಸರಲ್ಲಿ ಎರಡು. ಒಂದೇ ತಿರುವಿನಲ್ಲಿ ಕಪ್ಪು. ಗೇರು ತಪ್ಪಲಿಲ್ಲ. ದನಿ ಏರಲಿಲ್ಲ. ಕತೆ ಹೇಳುತ್ತ ಮಗುವಿಗೆ ತುತ್ತಿಡುವವಳಂತೆ ಓಡಿಸಿದಳು!

ಬೆಂಚಿನವರು ತಮ್ಮ ತಮ್ಮ ಲ್ಯಾಪ್‌ಟಾಪು ನೋಡಿಕೊಂಡರು. ಡಾಕ್ಟರ್ ಬಾಗಿಲ ಕಡೆ ಕಣ್ಸನ್ನೆ ಮಾಡಿದ.

ಗೂಳಿ! ಮೈಯೆಲ್ಲ ಕಸ. ನೇರ ಬಂದು ನೆಟ್‌ವರ್ಕ್ ಕೇಬಲ್ಲಿಗೆ ಕೈ ಹಾಕಿದ. ನಾನು ಅಡ್ಡ ಬಿದ್ದೆ. ಮೊಣಕೈಯಿಂದ ಗುದ್ದಿದ. ತುಟಿ ಒಡೆಯಿತು. ಬಿಡಲಿಲ್ಲ!

“ಏಯ್! ಕೈ ತೆಗಿ.”

ಬೆಂಚಿನಿಂದೆದ್ದ ಹೆಂಗಸು. ಭಾರೀ ಆಳು. ಕಂಕುಳಲ್ಲಿ ಲ್ಯಾಪ್‌ಟಾಪ್.

“ನೀವ್ಯಾಕೆ ನಡುವೆ ಬರ್ತೀರಿ?” ಎಂದ ಗೂಳಿ.

“ನಂದೂ ಅದೇ ತಿರುವಲ್ಲಿ ಕಪ್ಪಾಗುತ್ತೆ ಕಣಪ್ಪ.” ಅವನ ಪಾದದ ಮೇಲೆ ತನ್ನ ಪಾದವಿಟ್ಟಳು. ಪೂರ್ತಿ ತೂಕ! ಅವಳ ಹಿಂದೆ ಇಡೀ ಬೆಂಚು ಎದ್ದು ನಿಂತಿತು.

ಗೂಳಿ ಕೈ ತೆಗೆದ.

ಕೊನೆಯ ಸುತ್ತು. ಆರನೆಯವಳು. ಮುಂದಿನ ಕಾರು ದಾರಿ ಕೊಡುತ್ತಿಲ್ಲ. ಎಡಕ್ಕೆ ಹೋದರೆ ಎಡಕ್ಕೆ. ಬಲಕ್ಕೆ ಬಂದರೆ ಬಲಕ್ಕೆ.

“ಜಾಗ ಬಿಡೋ ಮಗನೇ,” ಎಂದು ಗೊಣಗಿದಳು. “ಗಾಡೀಲಿ ಜೀವ ಇದೆ.”

ಮುಂದಿನವನು ಒಂದು ಕೂದಲೆಳೆ ಹೊರಗೆ ಸರಿದ. ಸಾಕಾಯಿತು. ನುಗ್ಗಿದಳು!

ಐದನೆಯವಳು!

ಸ್ಪೀಕರಿನಲ್ಲಿ ಕೂಗು. ಬೆಂಚಿನವರ ಚಪ್ಪಾಳೆ. ಚಿಕ್ಕಮ್ಮ ಮಾತ್ರ ಸ್ಟಿಯರಿಂಗ್ ಮೇಲೆ ಹಣೆಯಿಟ್ಟು ಒಂದು ಗಳಿಗೆ ಹಾಗೇ ಇದ್ದಳು. ದೇವರೊಂದಿಗೆ ಲೆಕ್ಕ ಚುಕ್ತಾ ಮಾಡುತ್ತಿದ್ದಳೋ ಏನೋ.

ಆಮೇಲೆ ಆ ಭಾರೀ ಹೆಂಗಸು ತನ್ನ ಲ್ಯಾಪ್‌ಟಾಪನ್ನು ನನ್ನ ಮುಂದಿಟ್ಟಳು. “ಇದನ್ನೂ ಸ್ವಲ್ಪ ನೋಡಮ್ಮ.” ಅವಳ ಹಿಂದೆ ಸಾಲು ನಿಂತಿತು.

ಡಾಕ್ಟರ್ ಆ ಸಾಲನ್ನು ನೋಡಿದ. ಯಾರೂ ಅವನ ಮೇಲೆ ಕೂಗಲಿಲ್ಲ. ಕೂಗಿದ್ದರೇ ಅವನಿಗೆ ಹಿತವಿತ್ತೇನೋ. ಬಿಳಿ ಕೋಟು ಬಿಚ್ಚಿದ. ಕೆಳಗಿನ ಡ್ರಾಯರ್ ಎಳೆದ. ಮಾರಿಬಿಟ್ಟೆನೆಂದ ಆ ಹಳೆಯ ಕಾರ್ಡನ್ನು ತೆಗೆದು, ತನ್ನ ಅಂಗಿಯ ಅಂಚಿನಿಂದ ಧೂಳೊರೆಸಿ, ಚಿಕ್ಕಮ್ಮನ ಕೈಗಿಟ್ಟ.

ಚಿಕ್ಕಮ್ಮ ಅದನ್ನು ಅತ್ತ ತಿರುಗಿಸಿದಳು. ಇತ್ತ ತಿರುಗಿಸಿದಳು.

“ಇದರ ಸ್ಕ್ರೂ ಎಲ್ಲಿ ಡಾಕ್ಟ್ರೇ?”